‘ಗಾಜೊಡೆದ ಮೇಲೆ’ ಏಕೆ ನಿಂತಿತು

ಒಂದು ಚಿತ್ರಕಥೆಯ ಪುಸ್ತಕ ಆರೇ ಆರು ಸಂಚಿಕೆಗೆ ಕಣ್ಣುಮುಚ್ಚಿದ್ದು ತನ್ನಿಂದಲೇ ಎಂದು ದುಂಡಕ್ಕ ನಲವತ್ತೆರಡು ವರ್ಷ ನಂಬಿಕೊಂಡಿದ್ದಳು. ಆ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ. ಕಟ್ಟಿಕೊಂಡ ಗಂಡನಿಗೂ ಹೇಳಿರಲಿಲ್ಲ.

ದುಂಡಕ್ಕ ಎಂಬುದು ಅಡ್ಡಹೆಸರು. ಆಳು ನೋಡಿದರೆ ಒಣಗಿದ ಕಡ್ಡಿ. ದುಂಡಗಿದ್ದದ್ದು ಅವಳ ಅಕ್ಷರ. ಇಪ್ಪತ್ತೊಂದನೇ ವಯಸ್ಸಿಗೆ ಒಂದು ಮುದ್ರಣಾಲಯದ ಮುಂದಿನ ಕೋಣೆಯಲ್ಲಿ ಕೂತು, ಶಾಲೆಗಳ ಪ್ರಮಾಣಪತ್ರಗಳ ಮೇಲೆ ಮಕ್ಕಳ ಹೆಸರು ಬರೆಯುವುದು ಅವಳ ಕೆಲಸವಾಗಿತ್ತು. ಓಟದಲ್ಲಿ ಮೂರನೇ ಬಹುಮಾನ ಬಂದ ಹುಡುಗಿಯ ಹೆಸರನ್ನೂ ಮೊದಲನೆಯವಳ ಹೆಸರಿನಷ್ಟೇ ಮುದ್ದಾಗಿ ಬರೆಯುತ್ತಾಳೆಂದು ಮೇಷ್ಟರುಗಳು ಹುಡುಕಿಕೊಂಡು ಬರುತ್ತಿದ್ದರು.

ಹೋದ ಚಳಿಗಾಲದ ಒಂದು ಬೆಳಿಗ್ಗೆ ನಗರದ ಗ್ರಂಥಾಲಯದಿಂದ ಒಬ್ಬ ಹೆಂಗಸು ಅವಳ ಮನೆಗೆ ಬಂದರು. ಹಳೆಯ ಪತ್ರಿಕೆಗಳ ವಿಭಾಗ ನೋಡಿಕೊಳ್ಳುವವರು. ನಿವೃತ್ತಿಗೆ ನಾಲ್ಕೈದು ವರ್ಷ ಉಳಿದಿರಬಹುದು. ಕುರ್ಚಿಯ ತುದಿಯಲ್ಲಿ ಕೂತು, ಚೀಲದಿಂದ ಪಾರದರ್ಶಕ ಹಾಳೆಯಲ್ಲಿ ಸುತ್ತಿದ್ದ ಐದು ಪುಸ್ತಕಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಗೇಣುದ್ದದ ಮೇಲೆ ಇನ್ನರ್ಧ ಗೇಣು ಉದ್ದ, ಅಂಗೈಗಿಂತ ಚೂರು ಹೆಚ್ಚು ಅಗಲ. ಜೇಬಿಗೆ ಉದ್ದವಾಗುವ, ಕಪಾಟಿನಲ್ಲಿ ನಿಲ್ಲಿಸಿದರೆ ಬಾಗುವ ಆ ಆಕಾರವನ್ನು ದುಂಡಕ್ಕ ಕಂಡದ್ದೇ ಗುರುತಿಸಿದಳು.

ಎರಡನೇ ಸಂಚಿಕೆ ತಮ್ಮಲ್ಲಿಲ್ಲವೆಂದು ಗ್ರಂಥಾಲಯದವರು ಹೇಳಿದರು. ಪುಸ್ತಕದ ಪಟ್ಟಿಯಲ್ಲಿ ಇದರ ಬಗ್ಗೆ ನಾಲ್ಕು ಸಾಲು ಬರೆಯಬೇಕು: ಯಾರು ಬರೆದದ್ದು, ಯಾರು ಬಿಡಿಸಿದ್ದು, ಎಂದಿನಿಂದ ಎಂದಿನವರೆಗೆ ಬಂತು, ಏಕೆ ನಿಂತಿತು. ಕೊನೆಯ ಪುಟದಲ್ಲಿ ಸಣ್ಣದಾಗಿ ‘ಅಕ್ಷರ: ದುಂಡಕ್ಕ’ ಎಂದು ಇದ್ದದ್ದರಿಂದ ಕೇಳಿಕೊಂಡು ಬಂದಿದ್ದರು. ಮೊದಲ ಮೂರು ಪ್ರಶ್ನೆಗೆ ದುಂಡಕ್ಕ ಪಟಪಟನೆ ಉತ್ತರ ಹೇಳಿದಳು. ನಾಲ್ಕನೆಯದಕ್ಕೆ ಬಂದಾಗ ಒಳಗೆ ಹಾಲು ಉಕ್ಕುತ್ತಿದೆಯೇನೋ ಎಂದು ಎದ್ದು ಹೋದಳು. ಒಲೆಯ ಮೇಲೆ ಹಾಲು ಇಟ್ಟೇ ಇರಲಿಲ್ಲ.

ಅದು ಶುರುವಾದ ಬಗೆ ಹೀಗೆ.

ಮುದ್ರಣಾಲಯದ ಒಡತಿಯನ್ನು ಎಲ್ಲರೂ ಯಜಮಾನಮ್ಮ ಎನ್ನುತ್ತಿದ್ದರು. ಗಂಡ ತೀರಿಕೊಂಡ ಮರುವಾರವೇ ಬಂದು ಅವನ ಕುರ್ಚಿಯಲ್ಲಿ ಕೂತವರು; ಕೂತ ಮೇಲೆ ಯಾವುದಕ್ಕೂ ಯಾರಿಗೂ ಕಾರಣ ಹೇಳಿದವರಲ್ಲ. ಮಾಡಿ ಎಂದರೆ ಮಾಡಬೇಕು, ಬೇಡ ಎಂದರೆ ಬೇಡ. ಹಿಂದಿನ ಕೊಟ್ಟಿಗೆಯಂಥ ದೊಡ್ಡ ಕೋಣೆಯಲ್ಲಿ ಯಂತ್ರ ಡಬಡಬ ಎನ್ನುತ್ತಾ ಬಿಸ್ಕತ್ತಿನ ಡಬ್ಬಿಗೆ ಸುತ್ತುವ ಕೆಂಪು ಲೇಬಲ್ಲು ಅಚ್ಚು ಹಾಕುತ್ತಿತ್ತು. ಪ್ರತಿ ಹಾಳೆಯ ಪಕ್ಕದಲ್ಲಿ ಒಂದು ಪಟ್ಟಿ ಕಾಗದ ಉಳಿಯುತ್ತಿತ್ತು. ಒಳ್ಳೆಯ, ದಪ್ಪನೆಯ ಕಾಗದ. ಬಿಸಾಡಲು ಯಜಮಾನಮ್ಮನಿಗೆ ಮನಸ್ಸು ಬರದೆ, ಕಟ್ಟಿ ಕಟ್ಟಿ ಬೀಗದ ಕೋಣೆಯೊಳಗೆ ಒಟ್ಟುತ್ತಿದ್ದರು.

ಎದುರು ಸಾಲಿನಲ್ಲಿ ಒಂದು ಕನ್ನಡಕದ ಅಂಗಡಿಯಿತ್ತು. ಅಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುತ್ತಿದ್ದ ನಲವತ್ತರ ಆಸುಪಾಸಿನ ಮನುಷ್ಯನಿಗೆ ಜನ ಕನ್ನಡಕದವರು ಎಂದೇ ಹೇಳುತ್ತಿದ್ದರು, ಅವರ ಮೂಗಿನ ಮೇಲೆ ಮಾತ್ರ ಕನ್ನಡಕ ಇರಲಿಲ್ಲ. ಮೆತ್ತಗಿನ ಮಾತು, ಗಾಜಿನ ಪುಡಿ ಹತ್ತಿ ಬೆಳ್ಳಗಾದ ಬೆರಳು. ಒಂದು ದಿನ ಯಜಮಾನಮ್ಮ ಕನ್ನಡಕದ ಕಾಲು ಸರಿಮಾಡಿಸಿಕೊಳ್ಳಲು ಹೋಗಿದ್ದಾಗ, ಆತ ಕೆಲಸ ಮಾಡುತ್ತಾ ಮಾಡುತ್ತಾ ಒಂದು ಕಥೆ ಹೇಳಿದರು. ಮೂರು ದಿನ ಮೂರು ರಾತ್ರಿ ಒಂದು ಗಾಳಿ ಬೀಸುತ್ತದೆ. ಲೋಕದ ಗಾಜೆಲ್ಲ ಪುಡಿಪುಡಿಯಾಗುತ್ತದೆ. ಮನೆಗಳು ಬೀಳುತ್ತವೆ, ಊರುಗಳು ಬರಿದಾಗುತ್ತವೆ. ಉಳಿದವರು ಅಲ್ಲೊಬ್ಬರು ಇಲ್ಲೊಬ್ಬರು, ಅವರಲ್ಲಿ ಅರ್ಧಕ್ಕರ್ಧ ಮಂದಿಗೆ ಕಣ್ಣು ಮಂಜು. ಒಬ್ಬ ಹೆಂಗಸಿನ ಹತ್ತಿರ ಮಾತ್ರ ಹತ್ತಿ ತುಂಬಿದ ಮರದ ಪೆಟ್ಟಿಗೆಯೊಳಗೆ ನಲವತ್ತು ಕನ್ನಡಕ ಒಡೆಯದೆ ಉಳಿದಿವೆ. ಅವಳು ಊರಿಂದೂರಿಗೆ ನಡೆಯುತ್ತಾ, ಯಾರಿಗೆ ಯಾವುದು ಹೊಂದುತ್ತದೋ ನೋಡಿ ಕೊಡುತ್ತಾ ಹೋಗುತ್ತಾಳೆ.

ಯಜಮಾನಮ್ಮ ಕಾಲು ಸರಿಯಾದ ಕನ್ನಡಕ ಹಾಕಿಕೊಂಡು, ಇದನ್ನು ಚಿತ್ರದಲ್ಲಿ ಮಾಡಿಸೋಣ ಎಂದರಂತೆ. ಅಷ್ಟೇ. ಬೀಗದ ಕೋಣೆಯ ಪಟ್ಟಿ ಕಾಗದವನ್ನು ಮಧ್ಯಕ್ಕೆ ಮಡಚಿದರೆ ಪುಸ್ತಕ. ಲೇಬಲ್ಲಿಗೆ ಕಲಸಿ ಮಿಕ್ಕ ಕೆಂಪು ಮಸಿ ಇದೆ, ಕಪ್ಪು ಹೇಗೂ ಇದೆ. ಹೀಗಾಗಿ ಆ ಪುಸ್ತಕದ ಆಕಾಶ ಮೊದಲಿನಿಂದ ಕೊನೆಯವರೆಗೆ ಬಿಸ್ಕತ್ತಿನ ಡಬ್ಬಿಯ ಕೆಂಪು. ಆಕಾಶ ಏಕೆ ಕೆಂಪು ಎಂದು ಓದುಗರು ಕೇಳಿದ ಮೇಲೆ ಕನ್ನಡಕದವರು ಅದಕ್ಕೊಂದು ಕಾರಣ ಹುಟ್ಟಿಸಿ ಮೂರನೇ ಸಂಚಿಕೆಯಲ್ಲಿ ಸೇರಿಸಿದರು.

ಚಿತ್ರಕ್ಕೆ ಸಿಕ್ಕವನು ಅಂಗಡಿ ಬೋರ್ಡುಗಳಿಗೆ ಚಿತ್ರ ಬರೆಯುತ್ತಿದ್ದ ಒಬ್ಬ ತರುಣ. ಅವನ ಕೈಯಿಂದ ಬಂದ ಸೋಪಿನ ನೊರೆ ಗೋಡೆಯಿಂದ ಇಳಿದು ಬರುತ್ತದೇನೋ ಎನ್ನಿಸುತ್ತಿತ್ತು. ಆದರೆ ಅದೇ ಕೈ ಅಕ್ಷರಕ್ಕಿಳಿದರೆ ಕಾಗೆ ಕಾಲು ಗುಬ್ಬಿ ಕಾಲು. ಬರೆದದ್ದನ್ನು ಮರುದಿನ ಅವನೇ ಓದಲಾರ. ಅದಕ್ಕೇ ಅವನು ಕಾಗಣ್ಣನಾದ. ಅದಕ್ಕೇ ದುಂಡಕ್ಕನಿಗೂ ಕರೆ ಬಂತು. ಪಾತ್ರಗಳ ಬಾಯಿಂದ ಹೊರಡುವ ಮಾತಿನ ಗುಳ್ಳೆಗಳಲ್ಲಿ ಕಾಗಣ್ಣ ಸೀಸದ ಕಡ್ಡಿಯಿಂದ ಗೀಚಿಡುವುದು, ಅವಳು ಅದನ್ನು ಓದಿ ಮಸಿಯಲ್ಲಿ ಬರೆಯುವುದು ಎಂದಾಯಿತು. ಮೊದಲ ವಾರ ಅವಳಿಗೆ ತಲೆ ಸುತ್ತಿ ಬಂತು. ಎರಡನೇ ವಾರದ ಹೊತ್ತಿಗೆ ಆ ಗೀಚನ್ನು ಅವಳು ಅಮ್ಮನ ಮುಖ ಓದಿದಷ್ಟು ಸಲೀಸಾಗಿ ಓದುತ್ತಿದ್ದಳು. ಇಡೀ ಊರಿನಲ್ಲಿ ಅದನ್ನು ಓದಬಲ್ಲವಳು ಅವಳೊಬ್ಬಳೇ.

ಕನ್ನಡಕದವರ ಮೇಲೆ ಅವಳಿಗೆ ಒಂದೇ ದೂರು. ಅವರ ಪಾತ್ರಗಳು ಒತ್ತಕ್ಷರ ತುಂಬಿದ ಮಾತನ್ನೇ ಆಡುತ್ತಿದ್ದವು. ಒತ್ತುಗಳೆಲ್ಲ ಗುಳ್ಳೆಯಿಂದ ಕೆಳಗೆ ಜೋತುಬೀಳುತ್ತಿದ್ದವು. ಊರು ಹಾಳಾಗಿ ಗಂಟಲು ಒಣಗಿ ಕೂತವರು ಇಷ್ಟು ಕಷ್ಟದ ಮಾತು ಏಕಾದರೂ ಆಡುತ್ತಾರೆ ಎಂದು ಅವಳು ಜಗಳಕ್ಕೆ ನಿಂತಳು. ಆತ ನಕ್ಕು, ಎರಡನೇ ಸಂಚಿಕೆಯಿಂದ ಮಾತನ್ನು ಸಡಿಲ ಮಾಡಿದರು. ಪೆಟ್ಟಿಗೆಯಮ್ಮ, ಅಂದರೆ ಆ ಪೆಟ್ಟಿಗೆ ಹೊತ್ತ ಹೆಂಗಸು, ಆಮೇಲೆ ಮನೆಮಂದಿಯ ಹಾಗೆ ಮಾತಾಡತೊಡಗಿದಳು.

ದುಂಡಕ್ಕನ ಅಮ್ಮನಿಗೆ ಇದೆಲ್ಲ ಸುತರಾಂ ಹಿಡಿಸಲಿಲ್ಲ. ಪ್ರಳಯ ಆದ ಮೇಲೆ ಅನ್ನ ಹುಡುಕೋದು ಬಿಟ್ಟು ಕನ್ನಡಕ ಯಾರಿಗೆ ಬೇಕು ಎಂದು ಗೊಣಗಿದಳು. ಗೊಣಗುತ್ತಲೇ ಮೊದಲ ಸಂಚಿಕೆಯನ್ನು ಎರಡು ಸಲ ಓದಿದಳು. ಕನ್ನಡಕ ಸಿಕ್ಕ ಮುದುಕಿ ಬಹಳ ದಿನದ ಮೇಲೆ ತನ್ನದೇ ಅಂಗೈ ನೋಡಿಕೊಳ್ಳುವ ಚಿತ್ರದ ಮೇಲೆ ಬೆರಳಿಟ್ಟು, ತನ್ನ ಅಂಗೈಯನ್ನೂ ತಿರುಗಿಸಿ ನೋಡಿಕೊಂಡಳು.

ಎರಡನೇ ಸಂಚಿಕೆಯಲ್ಲಿ ಕೆಂಪು ಅಚ್ಚು ಒಂದು ನೂಲು ಸರಿದುಬಿಟ್ಟಿತು. ಎಲ್ಲರ ತುಟಿಯೂ ಕೆನ್ನೆಗೆ ಬಂದು ಕೂತಿತ್ತು. ಮೂವರೂ ತಲೆಯ ಮೇಲೆ ಕೈಹೊತ್ತು ಕೂತರು. ಹದಿನೈದು ದಿನಕ್ಕೆ ಒಬ್ಬ ಕಾಲೇಜು ಅಧ್ಯಾಪಕರ ಪತ್ರ ಬಂತು: ಮಂಜುಗಣ್ಣಿನವರಿಗೆ ಲೋಕ ಹೇಗೆ ಕಾಣುತ್ತದೆಂದು ತೋರಿಸಿದ ಜಾಣ್ಮೆಗೆ ಅಭಿನಂದನೆ. ಯಜಮಾನಮ್ಮ ಆ ಪತ್ರವನ್ನು ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದರು.

ಮೂರರ ಹೊತ್ತಿಗೆ ಪತ್ರಗಳು ದಿನಕ್ಕೆ ನಾಲ್ಕೈದು ಬರತೊಡಗಿದವು. ಒಡೆದು ಓದುವುದು ದುಂಡಕ್ಕನ ಪಾಲಿಗೆ ಬಂತು. ಊರಾಚೆಯ ರೈಲ್ವೆ ಗೇಟು ಕಾಯುವ ಒಬ್ಬ ಮನುಷ್ಯ ಪ್ರತಿ ಸಂಚಿಕೆ ಬಂದಾಗಲೂ ಒಂದು ಕಾರ್ಡು ಹಾಕುತ್ತಿದ್ದ. ಕಾರ್ಡಿನಲ್ಲಿ ಯಾವಾಗಲೂ ಒಂದೇ ಸಾಲು: ಪೆಟ್ಟಿಗೆಯಮ್ಮನಿಗೆ ಯಾರಾದರೂ ಜೊತೆ ಸಿಗುತ್ತಾರೆಯೇ? ಅವಳು ಅದನ್ನು ಕನ್ನಡಕದವರಿಗೆ ತೋರಿಸಿದಳು. ಅವರು ಓದಿ, ಕಾರ್ಡನ್ನು ಜೇಬಿಗಿಟ್ಟುಕೊಂಡು, ಪಾಪ ಎಂದಷ್ಟೇ ಹೇಳಿದರು.

ನಾಲ್ಕನೆಯದಕ್ಕೆ ಒಂದು ರಾಕ್ಷಸ ಬೇಕೇ ಬೇಕೆಂದು ಯಜಮಾನಮ್ಮ ಹಟ ಹಿಡಿದರು. ತಮ್ಮ ಕಥೆಯಲ್ಲಿ ರಾಕ್ಷಸನಿಗೆ ಜಾಗವಿಲ್ಲ ಎಂದು ಕನ್ನಡಕದವರು ಖಡಾಖಂಡಿತವಾಗಿ ಹೇಳಿದರು. ಅವರು ದನಿ ಎತ್ತಿದ್ದು ಅದೊಂದೇ ಸಲ. ನಡುವೆ ಸಿಕ್ಕ ಕಾಗಣ್ಣ ಉಪಾಯ ಹೂಡಿದ. ಮುಖಪುಟದ ಮೇಲೆ ಉದ್ದಕ್ಕೂ ನಾಲ್ಕು ಕಾಲಿನ ಒಂದು ಭಯಂಕರ ನೆರಳು ಬಿಡಿಸಿದ. ಒಳಗೆ ಓದಿಕೊಂಡು ಹೋದರೆ ಅದೊಂದು ನೀರಿನ ತೊಟ್ಟಿ. ಎಲ್ಲಕ್ಕಿಂತ ಬೇಗ ಖಾಲಿಯಾದದ್ದು ಅದೇ ಸಂಚಿಕೆ. ಐದರಲ್ಲಿ ಮಡಚುವವರ ಕೈತಪ್ಪಿ ಎರಡು ಪುಟ ಅದಲುಬದಲಾಗಿ, ಸತ್ತುಹೋದ ಮುದುಕ ಪುಟ ತಿರುಗಿಸಿದರೆ ಚಹಾ ಕುಡಿಯುತ್ತಾ ಕೂತಿದ್ದ. ದುಂಡಕ್ಕ ಮೂರು ದಿನ ಕೂತು, ಹನ್ನೆರಡನೇ ಪುಟ ಮೊದಲು ಓದಿ ಎಂದು ಚೀಟಿಗಳ ಮೇಲೆ ಕೈಯಲ್ಲೇ ಬರೆದಳು. ಚೀಟಿ ತಲುಪದವರು, ಸತ್ತವನು ಬದುಕಿದ್ದು ಬಹಳ ಚೆನ್ನಾಗಿತ್ತು ಎಂದು ಬರೆದರು.

ಆ ವರ್ಷದ ಸುಖವನ್ನು ಅವಳು ಮುಂದೆ ಎಲ್ಲಿಯೂ ಕಾಣಲಿಲ್ಲ. ಮಧ್ಯಾಹ್ನ ಮೂರಕ್ಕೆ ಕಾಗಣ್ಣ ಬಣ್ಣ ಮೆತ್ತಿದ ಅಂಗಿಯಲ್ಲೇ ಹಾಳೆಗಳನ್ನು ಸುರುಳಿ ಸುತ್ತಿಕೊಂಡು ಬರುವನು. ಕನ್ನಡಕದವರು ಅಂಗಡಿಯ ಬಾಗಿಲು ಅರ್ಧ ಎಳೆದು ರಸ್ತೆ ದಾಟಿ ಬರುವರು. ಮಸಿ, ಅಂಟು, ಹೊಸ ಕಾಗದದ ವಾಸನೆಯ ಆ ಕೋಣೆಯಲ್ಲಿ ಮೂವರೂ ಮೇಜಿನ ಮೇಲೆ ಬಗ್ಗಿ, ಇಲ್ಲದ ಲೋಕದ ಇಲ್ಲದ ಹೆಂಗಸು ಈ ಮೆಟ್ಟಿಲು ಹತ್ತುತ್ತಾಳೋ ಇಳಿಯುತ್ತಾಳೋ ಎಂದು ಕಿತ್ತಾಡುವರು. ಪುಟ ಅಗಲವಿಲ್ಲದ್ದರಿಂದ ಅವಳು ಯಾವಾಗಲೂ ಹತ್ತಲೇಬೇಕು ಇಲ್ಲವೇ ಇಳಿಯಲೇಬೇಕು. ಬಯಲಲ್ಲಿ ನಡೆಸುವ ಹಾಗಿಲ್ಲ ಎಂದು ಕಾಗಣ್ಣ ಅಳುವನು.

ಆರನೇ ಸಂಚಿಕೆ ಮೂರು ವಾರ ತಡವಾಯಿತು. ಕಾಗಣ್ಣನಿಗೆ ಕಾಮಾಲೆಯಾಗಿತ್ತು. ಎದ್ದು ಕೂತವನೇ ಬಿಡಿಸಿಕೊಟ್ಟ. ಪೆಟ್ಟಿಗೆಯಮ್ಮ ಒಂದು ದೊಡ್ಡ ಹೊಳೆಯ ದಡಕ್ಕೆ ಬರುತ್ತಾಳೆ. ಸೇತುವೆ ಮುರಿದಿದೆ. ಉಳಿದ ಒಂದು ಕಂಬವನ್ನು ಹತ್ತಿ, ಎರಡು ಕನ್ನಡಕದ ಗಾಜನ್ನು ಒಂದರ ಹಿಂದೊಂದು ಹಿಡಿದು ದೂರದರ್ಶಕ ಮಾಡಿಕೊಂಡು ಆಚೆ ದಡ ನೋಡುತ್ತಾಳೆ. ಕೊನೆಯ ಚಿತ್ರ. ಒಂದೇ ಗುಳ್ಳೆ. ಅದರಲ್ಲಿ ಕಾಗಣ್ಣನ ಗೀಚು: ‘ಆ ಕಡೆ ಯಾರೂ...’

ದುಂಡಕ್ಕ ಲೇಖನಿ ಅದ್ದಿದಳು. ‘ಆ ಕಡೆ’ ಬರೆದಳು. ‘ಯಾ’ ಬರೆದಳು. ಮುಂದೆ ಕೈ ಏಳಲಿಲ್ಲ. ಆರು ಸಂಚಿಕೆಯ ದಾರಿ, ಪೆಟ್ಟಿಗೆಯಲ್ಲಿ ಉಳಿದದ್ದು ಹದಿನೇಳು ಕನ್ನಡಕ, ರೈಲ್ವೆ ಗೇಟಿನವನ ಐದು ಕಾರ್ಡು. ಕಿಟಕಿಯಾಚೆ ಒಂದು ಸಲ ನೋಡಿದಳು. ಆಮೇಲೆ ಬರೆದು ಮುಗಿಸಿದಳು: ‘ಆ ಕಡೆ ಯಾರೋ...’

ಒಂದೇ ಒಂದು ಸ್ವರ. ಅಚ್ಚಾಗಿ ಬರುವವರೆಗೆ ಯಾರೂ ಗಮನಿಸಲಿಲ್ಲ. ಪುಸ್ತಕ ಬಂದ ದಿನ ಕನ್ನಡಕದವರು ಕೊನೆಯ ಪುಟ ತೆರೆದು ಬಹಳ ಹೊತ್ತು ನೋಡಿದರು. ಆಮೇಲೆ ಅವಳ ಮೇಜಿನ ಹತ್ತಿರ ಬಂದು, ಮೆತ್ತಗೆ ಕೇಳಿದರು.

“ಕಾಗಣ್ಣನ ಅಕ್ಷರ ತಪ್ಪಾಗಿ ಓದ್ಕೊಂಡ್ಯಾ?”

ಅವಳು “ಹೂಂ” ಎಂದುಬಿಟ್ಟಳು.

ಅವರು ತಲೆಯಾಡಿಸಿ, ಪುಸ್ತಕ ಮಡಚಿಕೊಂಡು ರಸ್ತೆ ದಾಟಿ ಹೋದರು. ಆಮೇಲೆ ಮಧ್ಯಾಹ್ನ ಮೂರಕ್ಕೆ ಅವರು ಬರಲಿಲ್ಲ. ಕಾಗಣ್ಣನೂ ಬರಲಿಲ್ಲ. ಮೂರನೇ ವಾರ ಯಜಮಾನಮ್ಮ ಮುಂದಿನ ಕೋಣೆಗೆ ಬಂದು, ಆ ಪುಸ್ತಕ ಇನ್ನು ಸಾಕು, ಪ್ರಮಾಣಪತ್ರ ನೋಡು ಎಂದು ಹೇಳಿ ಒಳಗೆ ಹೋದರು. ಏಕೆ ಎಂದು ಕೇಳುವ ಧೈರ್ಯ ದುಂಡಕ್ಕನಿಗಿರಲಿಲ್ಲ. ಕೇಳುವ ಅಗತ್ಯವೂ ಅವಳಿಗೆ ಕಾಣಲಿಲ್ಲ. ತಮ್ಮ ಕಥೆಯ ಕುತ್ತಿಗೆ ಹಿಸುಕಿದವಳ ಜೊತೆ ಅವರು ಹೇಗೆ ಕೆಲಸ ಮಾಡಿಯಾರು? ಸಾಲದ್ದಕ್ಕೆ ಸುಳ್ಳು ಹೇಳಿ, ಕಾಮಾಲೆಯಿಂದ ಎದ್ದ ಕಾಗಣ್ಣನ ತಲೆಗೆ ಕಟ್ಟಿದ್ದಳು.

ಆಮೇಲೆ ಮದುವೆಯಾಯಿತು, ಊರಿನ ಇನ್ನೊಂದು ತುದಿಗೆ ಹೋದಳು, ಮಕ್ಕಳಾದರು. ಕನ್ನಡಕದವರನ್ನು ಕಂಡದ್ದು ಮತ್ತೆ ಒಂದೇ ಸಲ, ಅವಳಿಗೆ ನಲವತ್ತೆರಡಾಗಿ ಸೂಜಿಗೆ ದಾರ ಪೋಣಿಸಲಾಗದೆ ಹೋದಾಗ. ಬೇರೆ ಅಂಗಡಿಗಳಿದ್ದವು, ಕಾಲು ಅಲ್ಲಿಗೇ ಎಳೆದೊಯ್ದಿತು. ಅವರ ತಲೆ ಪೂರ್ತಿ ನೆರೆತಿತ್ತು. ಅವಳನ್ನು ಕೂರಿಸಿ, ಒಂದೊಂದೇ ಗಾಜು ಬದಲಿಸುತ್ತಾ ಗೋಡೆಯ ಮೇಲಿನ ಅಕ್ಷರ ಓದಿಸಿದರು. ಎಲ್ಲ ಮುಗಿದ ಮೇಲೆ, ಗಾಜು ಒರೆಸುತ್ತಾ, ಅವಳ ಮುಖ ನೋಡದೆ ಕೇಳಿದರು.

“ಏನಾದ್ರೂ ಬರೆದ್ಯಾ?”

ಹಳೆಯದನ್ನು ಕೆದಕಿ ಚುಚ್ಚುತ್ತಿದ್ದಾರೆ ಎಂದು ಅವಳಿಗೆ ಅನ್ನಿಸಿತು. “ಇಲ್ಲ, ಈಗ ಎಲ್ಲಾ ಬಿಟ್ಟಿದೀನಿ” ಎಂದಳು. ಅವರು ಮತ್ತೇನೂ ಕೇಳಲಿಲ್ಲ. ಹನ್ನೊಂದು ವರ್ಷದ ಹಿಂದೆ ಅವರು ತೀರಿಕೊಂಡ ಸುದ್ದಿ ಬಂತು. ಆ ಹೊತ್ತಿಗೆ ಮಣ್ಣು ಕೂಡ ಆಗಿಹೋಗಿತ್ತು.

ಇಷ್ಟೆಲ್ಲ ಇದ್ದದ್ದರಿಂದಲೇ ಆ ಬೆಳಿಗ್ಗೆ ದುಂಡಕ್ಕ ಇಲ್ಲದ ಹಾಲಿನ ನೆಪ ಹೇಳಿ ಒಲೆಯ ಮುಂದೆ ನಿಂತದ್ದು. ಹೊರಗೆ ಬಂದಾಗ ಗ್ರಂಥಾಲಯದವರು, ಗೊತ್ತಿಲ್ಲದಿದ್ದರೆ ಬೇಡ, ಯಜಮಾನಮ್ಮ ಇನ್ನೂ ಇದ್ದಾರಂತೆ, ನಾಳೆ ಅವರನ್ನೇ ಕೇಳೋಣ, ನೀವೂ ಬನ್ನಿ ಎಂದರು. ಬರುವುದಿಲ್ಲ ಎನ್ನಲು ಬಾಯಿ ತೆರೆದವಳು, ಎಷ್ಟು ಗಂಟೆಗೆ ಎಂದು ಕೇಳಿದಳು.

ಯಜಮಾನಮ್ಮನಿಗೆ ಎಂಬತ್ತೇಳು. ಕಿವಿ ಮಂದವಾಗಿತ್ತು, ನಾಲಿಗೆ ಆಗಿರಲಿಲ್ಲ. ತಮ್ಮನ ಮನೆಯ ಮಹಡಿಯ ಕೋಣೆಯಲ್ಲಿ, ಬಿಸಿಲು ಬೀಳುವ ಕಡೆ ಕುರ್ಚಿ ತಿರುಗಿಸಿಕೊಂಡು ಕೂತಿದ್ದರು. ದುಂಡಕ್ಕನನ್ನು ಕಂಡು, ಇನ್ನೂ ಒಂದು ಸುತ್ತೂ ದುಂಡಗಾಗಿಲ್ಲವಲ್ಲೇ ಎಂದರು. ಗ್ರಂಥಾಲಯದವರು ಕಿವಿಯ ಹತ್ತಿರ ಬಾಯಿಟ್ಟು ಪ್ರಶ್ನೆ ಕೇಳಿದರು. ದುಂಡಕ್ಕ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಂಡು ನೆಲ ನೋಡುತ್ತಾ ಕೂತಳು.

“ಬಿಸ್ಕತ್ತಿನವ್ರು ಡಬ್ಬಿ ಬದಲಾಯಿಸಿದ್ರು,” ಎಂದರು ಯಜಮಾನಮ್ಮ. “ಹೊಸ ಡಬ್ಬಿ ಎತ್ತರ ಜಾಸ್ತಿ. ಲೇಬಲ್ಲು ದೊಡ್ಡದಾಯ್ತು. ಪಕ್ಕದಲ್ಲಿ ಪಟ್ಟಿ ಉಳೀಲಿಲ್ಲ. ಕಾಗದ ಇಲ್ದೆ ಪುಸ್ತಕ ಯಾವುದರ ಮೇಲೆ ಹಾಕ್ಲಿ?”

ದುಂಡಕ್ಕನಿಗೆ ತನ್ನ ದನಿ ತನಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು.

“ಅಷ್ಟೇನಾ? ಮತ್ತೆ ನಮಗೆ ಯಾಕೆ ಹೇಳ್ಲಿಲ್ಲ?”

“ನೀವ್ಯಾರು ಕೇಳಿದ್ರಿ?”

ಆಮೇಲೆ ಅವರೇ ತಿಳಿಸಿದರು. ಪುಸ್ತಕ ನಿಲ್ಲಿಸಿದ ಮರುದಿನ ಕನ್ನಡಕದವರು ಬಂದು, ನಾನು ರಾಕ್ಷಸನಿಗೆ ಒಪ್ಪದೆ ಇದ್ದದ್ದಕ್ಕೆ ನಿಲ್ಲಿಸಿದಿರಾ ಎಂದು ಮುಖ ಚಿಕ್ಕದು ಮಾಡಿಕೊಂಡು ಕೇಳಿದ್ದರಂತೆ. ಅಂದು ಯಂತ್ರ ಕೆಟ್ಟಿತ್ತು, ತಲೆ ಬಿಸಿಯಾಗಿತ್ತು, ಏನು ಹೇಳಿದೆನೋ ನೆನಪಿಲ್ಲ ಎಂದರು. ಎರಡನೇ ಸಂಚಿಕೆ ಸಿಗಬಹುದೇ ಎಂದು ಗ್ರಂಥಾಲಯದವರು ಕೇಳಿದಾಗ ತಮ್ಮನ ಹೆಂಡತಿಯನ್ನು ಕೂಗಿ, ಹಾಸಿಗೆ ಕೆಳಗಿನ ಟ್ರಂಕು ತೆರೆಸಿದರು. ಗಾಜು ಹಾಕಿಸಿದ್ದ ಅಧ್ಯಾಪಕರ ಪತ್ರವೂ ಎರಡನೇ ಸಂಚಿಕೆಯ ಎರಡು ಪ್ರತಿಯೂ ಅದರಲ್ಲಿದ್ದವು.

ಬಸ್ಸಿನಲ್ಲಿ ದುಂಡಕ್ಕನಿಗೆ ನಗು ಬಂತು. ಕಿಟಕಿಯ ಕಡೆ ತಿರುಗಿ ನಕ್ಕಳು, ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡಳು. ಬಿಸ್ಕತ್ತಿನ ಡಬ್ಬಿ ಒಂದಂಗುಲ ಎತ್ತರವಾದದ್ದಕ್ಕೆ ಅವಳು ನಲವತ್ತೆರಡು ವರ್ಷ ಮನಸ್ಸಿನೊಳಗೇ ಬೆಂದಿದ್ದಳು. ಪಕ್ಕದಲ್ಲಿ ಕೂತ ಗ್ರಂಥಾಲಯದವರಿಗೆ ಅಲ್ಲಿಯೇ ಎಲ್ಲವನ್ನೂ ಹೇಳಿಬಿಟ್ಟಳು. ಸ್ವರ ಬದಲಿಸಿದ್ದು, ಸುಳ್ಳು ಹೇಳಿದ್ದು, ಎರಡನ್ನೂ. ಅವರು ಯಾವ ತೀರ್ಪೂ ಕೊಡದೆ ಕೇಳಿಸಿಕೊಂಡರು. ಕಾಗಣ್ಣನ ವಿಳಾಸವೂ ಸಿಕ್ಕಿದೆ ಎಂದು ಮಾತ್ರ ಹೇಳಿದರು.

ಕಾಗಣ್ಣ ಮಗಳ ಮನೆಯಲ್ಲಿದ್ದ, ಎರಡು ತಾಸಿನ ದಾರಿ. ಎಪ್ಪತ್ತು ತುಂಬಿತ್ತು, ಬಲಗೈ ನಡುಗುತ್ತಿತ್ತು. ಇಬ್ಬರೂ ಪರಸ್ಪರ ಮುಖ ನೋಡಿಕೊಂಡು ನಿಂತರು; ಹೊಸ್ತಿಲಲ್ಲೇ ನಿಂತು ಏನು ನೋಡುತ್ತೀರಿ ಎಂದು ಮಗಳು ಗದರಿದಳು. ಡಬ್ಬಿಯ ಕಥೆ ಕೇಳಿದಾಗ ಕಾಗಣ್ಣ ನಗಲಿಲ್ಲ. ತನ್ನ ಕಾಮಾಲೆಯಿಂದ ಸಂಚಿಕೆ ತಡವಾಗಿ, ಅದಕ್ಕೇ ಪುಸ್ತಕ ನಿಂತಿತೆಂದು ಅವನು ತಿಳಿದಿದ್ದ. ಆ ನಾಚಿಕೆಗೆ ಮುದ್ರಣಾಲಯದ ಬೀದಿಯನ್ನೇ ಬಿಟ್ಟು ಬೇರೆ ಊರಿನ ಬೋರ್ಡುಗಳಿಗೆ ಹೋಗಿದ್ದ. ದುಂಡಕ್ಕ ತನ್ನ ತಪ್ಪನ್ನೂ ಹೇಳಿಕೊಂಡಳು. ನಿನ್ನ ಅಕ್ಷರದ ಮೇಲೆ ಹಾಕಿಬಿಟ್ಟೆ ಎಂದಳು.

“ಅವರಿಗೆ ಆವತ್ತೇ ಗೊತ್ತಿತ್ತು,” ಎಂದ ಕಾಗಣ್ಣ. “ನೇರ ನನ್ನ ಮನೆಗೇ ಬಂದ್ರು. ನಿನ್ನ ಗೀಚನ್ನ ಓದೋದ್ರಲ್ಲಿ ಅವಳು ಒಂದ್ಸಲಾನೂ ತಪ್ಪಿಲ್ಲ, ಇದು ಬೇಕಂತಲೇ ಬರೆದಿರೋದು ಅಂದ್ರು. ಎರಡು ದಿನ ಸಿಟ್ಟಲ್ಲಿದ್ರು. ಮೂರನೇ ದಿನ ಏಳನೇ ಸಂಚಿಕೆ ಪೂರ್ತಿ ಬೇರೆ ಬರ್ಕೊಂಡು ಬಂದ್ರು. ಅವಳಿಗೆ ಹೇಳ್ಬೇಡ, ಅಕ್ಷರ ತುಂಬೋವಾಗ ಅವಳೇ ನೋಡ್ಲಿ ಅಂದ್ರು. ಅದಕ್ಕೇ ನಾವಿಬ್ರೂ ಮೂರು ಗಂಟೆಗೆ ಆ ಕಡೆ ಬರ್ಲಿಲ್ಲ.”

ಮೊದಲ ಪುಟವನ್ನಷ್ಟೇ ಅವನು ಬಿಡಿಸಿದ್ದ, ಅಷ್ಟರಲ್ಲಿ ಯಜಮಾನಮ್ಮನ ‘ಸಾಕು’ ಬಂದಿತ್ತು. ಕಾಗಣ್ಣ ಒಳಗೆ ಹೋಗಿ, ಕಪಾಟಿನ ಬಟ್ಟೆಗಳ ಅಡಿಯಿಂದ ಒಂದು ರಟ್ಟಿನ ಫೈಲು ತಂದು ಅವಳ ತೊಡೆಯ ಮೇಲಿಟ್ಟ.

ಹಾಳೆ ಹಳದಿಯಾಗಿತ್ತು. ಕೆಳಗೆ ಸೇತುವೆಯ ಕಂಬದ ಮೇಲೆ ಪೆಟ್ಟಿಗೆಯಮ್ಮ. ಮೇಲೆ, ಹೊಳೆಯಾಚೆ, ಎತ್ತರದ ಒಂದು ಇಟ್ಟಿಗೆ ಗೋಡೆ. ಗೋಡೆಗೆ ಏಣಿ ಹಾಕಿ ಒಬ್ಬಳು ನಿಂತಿದ್ದಳು, ಒಣಗಿದ ಕಡ್ಡಿಯಂಥ ಹೆಂಗಸು, ಒಂದು ಕೈಯಲ್ಲಿ ಸುಣ್ಣದ ಬಕೆಟ್ಟು, ಇನ್ನೊಂದರಲ್ಲಿ ಕುಂಚ. ಪೆಟ್ಟಿಗೆಯಮ್ಮನ ಗುಳ್ಳೆಯಲ್ಲಿ ಸೀಸದ ಕಡ್ಡಿಯ ಗೀಚು. ಗ್ರಂಥಾಲಯದವರು ಭೂತಗನ್ನಡಿ ಹಿಡಿದು ನೋಡಿ ಕೈಚೆಲ್ಲಿದರು, ಬರೆದವನೂ ತಲೆಯಾಡಿಸಿದ. ದುಂಡಕ್ಕ ಒಂದೇ ಉಸಿರಿಗೆ ಓದಿದಳು:

“ಕನ್ನಡಕ ಇಲ್ದೋರಿಗೂ ಕಾಣೋ ಹಾಗೆ ಯಾರೋ ದೊಡ್ಡದಾಗಿ ಬರೀತಾ ಇದಾರೆ.”

ಗೋಡೆ ಮಾತ್ರ ಖಾಲಿಯಿತ್ತು. ಅದರ ಅಂಚಿನಲ್ಲಿ ಗೀಚಲ್ಲದ, ಕನ್ನಡಕದವರ ಸ್ವಂತ ಕೈಯ ಸಣ್ಣ ಸಾಲು ಒಂದಿತ್ತು. ಅದನ್ನು ಯಾರು ಬೇಕಾದರೂ ಓದಬಹುದಿತ್ತು. ‘ಇಲ್ಲಿ ಏನು ಇರಬೇಕೋ ದುಂಡಕ್ಕನೇ ಬರೆಯಲಿ.’

ಅವಳು ಆ ಸಾಲನ್ನು ಮತ್ತೆ ಮತ್ತೆ ನೋಡಿದಳು. ಪುಸ್ತಕ ನಿಂತಮೇಲೆ ಪುಟವನ್ನು ಅವಳಿಗೆ ಕೊಟ್ಟುಬಿಡು ಎಂದು ಕನ್ನಡಕದವರು ಹೇಳಿದ್ದರೆಂದೂ, ಕೊಡುತ್ತೇನೆಂದು ಮಾತು ಕೊಟ್ಟು, ಬೀದಿಗೆ ಮುಖ ತೋರಿಸಲಾಗದೆ ತಾನು ಇಟ್ಟುಕೊಂಡೇ ಬಿಟ್ಟೆನೆಂದೂ ಕಾಗಣ್ಣ ತಗ್ಗಿದ ದನಿಯಲ್ಲಿ ಹೇಳಿದ. ಆಗ ದುಂಡಕ್ಕನಿಗೆ ಕನ್ನಡಕದ ಅಂಗಡಿಯ ಆ ಮಧ್ಯಾಹ್ನ ತಿಳಿಯಿತು. ಏನಾದರೂ ಬರೆದೆಯಾ ಎಂದು ಅವರು ಕೇಳಿದ್ದು ಈ ಗೋಡೆಯ ಬಗ್ಗೆ. ಇಲ್ಲ, ಬಿಟ್ಟಿದ್ದೇನೆ ಎಂದು ಅವಳು ಹೇಳಿದ್ದೂ ಅವರ ಪಾಲಿಗೆ ಈ ಗೋಡೆಗೇ. ಕಾಗಣ್ಣನ ಮೇಲೆ ಒಂದು ಕ್ಷಣ ಉರಿದುಬಂದ ಸಿಟ್ಟು ಅವನ ನಡುಗುವ ಕೈ ನೋಡಿ ಇಳಿದುಹೋಯಿತು. ಸುಳ್ಳಿನ ಲೆಕ್ಕದಲ್ಲಿ ತಾನೇನೂ ಅವನಿಗೆ ಕಡಿಮೆಯಿರಲಿಲ್ಲ.

ಮೂಲ ಹಾಳೆಯ ಮೇಲೆ ಯಾರೂ ಏನೂ ಬರೆಯಕೂಡದು ಎಂದು ಗ್ರಂಥಾಲಯದವರು ನಿಷ್ಠುರವಾಗಿ ಹೇಳಿ, ಅದನ್ನು ತೆಗೆದುಕೊಂಡು ಹೋಗಿ, ಮೂರು ದಿನದಲ್ಲಿ ದೊಡ್ಡದಾದ ಒಂದು ಪ್ರತಿ ಮಾಡಿಸಿ ಕಳಿಸಿಕೊಟ್ಟರು. ದುಂಡಕ್ಕ ಅದನ್ನು ಊಟದ ಮೇಜಿನ ಮೇಲೆ ಹರಡಿಟ್ಟುಕೊಂಡು ಒಂದು ವಾರ ಕಳೆದಳು. ಬಟಾಣಿ ಬಿಡಿಸುತ್ತಾ ಎದುರಿಗೆ ಕೂತಿದ್ದ ಗಂಡನಿಗೆ ಕೊನೆಗೂ ಎಲ್ಲ ಹೇಳಿದಳು. ಅವನು ಬಟಾಣಿ ಬಿಡಿಸುವುದನ್ನು ನಿಲ್ಲಿಸಿ ಕೇಳಿಸಿಕೊಂಡ. ಅವಳಿಗೆ ದೊಡ್ಡ ದೊಡ್ಡ ಮಾತುಗಳು ತೋಚಿದ್ದವು, ಭರವಸೆ, ಬೆಳಕು ಅಂಥವು. ಒತ್ತಕ್ಷರ ಇದ್ದರೂ ಇಲ್ಲದಿದ್ದರೂ ಅವು ಗೋಡೆಗೆ ಅಂಟುತ್ತಿರಲಿಲ್ಲ. ನಡೆದು ನಡೆದು ಹೊಳೆ ದಾಟಿ ಬರುವವರಿಗೆ, ಕಣ್ಣು ಮಂಜಾದವರಿಗೆ, ಮೊದಲು ಏನು ಬೇಕು? ಅಷ್ಟು ಯೋಚಿಸಿದ ಮೇಲೆ ಅವಳು ಚೌಕಪಟ್ಟಿ ಇಟ್ಟು ಗೆರೆ ಎಳೆದು, ಲೇಖನಿ ತೊಳೆದು, ಬರೆದಳು: ‘ಕುಡಿಯೋ ನೀರು ಇಲ್ಲಿದೆ. ಬನ್ನಿ.’

ಮುಂದಿನ ಭಾನುವಾರ ಅದನ್ನು ತೋರಿಸಲು ಕಾಗಣ್ಣನಲ್ಲಿಗೆ ಹೋದಳು.